ದಿಬ್ಬದ ಉತಾರ

ನಮ್ಮ ತಾಯಿಯ ತವರೂರು ಹಾವೇರಿ ಜಿಲ್ಲೆಯಲ್ಲಿ, ತುಂಗಭದ್ರೆಯ ದಂಡೆಯ ಮೇಲಿದೆ. ಊರಿನ ಹೆಸರು ಇಲ್ಲಿ ಬೇಡ. ಅಲ್ಲಿನ ಹಳೆಯ ವಾಡೆಯ, ಅಂದರೆ ದೇಸಾಯರ ಕೋಟೆಯಂಥ ಮನೆಯ, ಜಾಗಕ್ಕಾಗಿ ದಾಯಾದಿಗಳ ತಂಟೆ ಇನ್ನೂ ಮುಗಿದಿಲ್ಲ, ನಾನೇಕೆ ಸುಮ್ನೆ ಅದರಲ್ಲಿ ಕಾಲಿಡಲಿ.

ಊರಿನ ಮೂಡಣಕ್ಕೆ ಹೊಳೆ ಒಂದು ಕಡೆ ಬಾಗುತ್ತದೆ. ಆ ಬಾಗಿನ ಮೇಲೊಂದು ದಿಬ್ಬ. ದಿಬ್ಬದ ನೆತ್ತಿಯಲ್ಲಿ ಅರ್ಧ ಕುಸಿದ ಹುಡೇವು, ಅಂದರೆ ಕಾವಲು ಗೋಪುರ. ಅದರ ಕೆಳಗೆ ವಾಡೆಯ ಹೆಬ್ಬಾಗಿಲು, ಬರೀ ಬಾಗಿಲು, ಹಿಂದೆ ಮನೆಯಿಲ್ಲ. ಬಾಗಿಲ ಪಕ್ಕ ಒಂದು ಶಾಸನದ ಕಲ್ಲು. ಅದಕ್ಕೆ ನಮ್ಮ ಸೋದರಮಾವ ಎಮ್ಮೆ ಕಟ್ಟುತ್ತಾರೆ. ಹುಡೇವಿನ ಮೇಲೆ ಹತ್ತಿ ನಿಂತರೆ ಎರಡೂ ದಂಡೆ ಕಾಣುತ್ತವೆ, ಆಚೆ ದಂಡೆಯ ಊರಿನ ಗುಡಿಯ ಕಳಸವೂ ಕಾಣುತ್ತದೆ.

ಈ ದಿಬ್ಬ ಯಾರದು ಅಂತ ನಾನು ಚಿಕ್ಕವನಿದ್ದಾಗಿನಿಂದ ಕೇಳುತ್ತಾ ಬಂದಿದ್ದೇನೆ. ಒಬ್ಬರು ದೇಸಾಯರದು ಅಂದರು. ಇನ್ನೊಬ್ಬರು ದೇವರದು ಅಂದರು. ಮತ್ತೊಬ್ಬರು ನವಾಬರು ಕೊಟ್ಟದ್ದು ಅಂದರು. ಕಳೆದ ಬೇಸಿಗೆಯಲ್ಲಿ ಮಾವನಿಗೇ ಕೇಳಿದೆ. ಅವರು ಒಳಗೆ ಹೋಗಿ, ಟ್ರಂಕಿನಿಂದ ದಿಬ್ಬದ ಸುತ್ತಲಿನ ಹೊಲದ ಉತಾರ ತಂದು ಮುಂದಿಟ್ಟರು.

"ಅಳಿಯಾ, ಇದನ್ನ ಓದಾಕ ಬಂದ್ರ ಎಲ್ಲಾ ಇದರಾಗ ಐತಿ. ಓದಾಕ ಬರಲಿಲ್ಲಂದ್ರ ಏನೂ ಇಲ್ಲ."

ಅವರು ಹೇಳಿದ್ದು ಮುಕ್ಕಾಲು ನಿಜ. ಬೆಂಗಳೂರು ಕಡೆಯವರು ಪಹಣಿ ಅನ್ನುವ ಈ ಕಾಗದವನ್ನು ನಾವು ಸಾಲಕ್ಕೆ, ಬೆಳೆ ವಿಮೆಗೆ, ಹೊಲ ಮಾರಲಿಕ್ಕೆ ಮಾತ್ರ ತೆಗೆಸುತ್ತೇವೆ. ಆದರೆ ಅದೊಂದು ಉತ್ಖನನದ ಗುಂಡಿ ಇದ್ದ ಹಾಗೆ. ಒಂಬತ್ತನೇ ಕಾಲಂನಲ್ಲಿ ಒಡೆಯನ ಹೆಸರು. ಹನ್ನೆರಡನೇ ಕಾಲಂನಲ್ಲಿ ನಿಜವಾಗಿ ಉಳುವವನ ಹೆಸರು. ನಡುವೆ ಹನ್ನೊಂದು, ಅದರಲ್ಲಿ ಹಕ್ಕು, ಋಣ, ಬ್ಯಾಂಕಿನ ಬೋಜಾ, ಶರ್ತು ಎಲ್ಲ ತುರುಕಿರುತ್ತಾರೆ. ಈ ಒಂಬತ್ತಕ್ಕೂ ಹನ್ನೆರಡಕ್ಕೂ ನಡುವಿನ ದೂರ ತಿಳಿದುಕೊಂಡರೆ ನಮ್ಮ ಸೀಮೆಯ ಒಂಬೈನೂರು ವರ್ಷಗಳ ಕತೆ ಅರ್ಧ ತಿಳಿದಂತೆ.

ಮೊದಲು ಒಂದು ಮಾತು ಸರಿಯಾಗಿ ಹಿಡಿದುಕೊಳ್ಳಬೇಕು. ಇದು ತಪ್ಪಿದರೆ ಮುಂದಿನದೆಲ್ಲ ಗೊಂದಲ. ಇವತ್ತು ‘ನನ್ನ ಹೊಲ’ ಅಂದರೆ ಆ ಮಣ್ಣು ನನ್ನದು, ಮಾರಬಹುದು, ಪಾಳು ಬಿಡಬಹುದು. ಹಿಂದೆ ‘ದೇಸಾಯರ ಹಳ್ಳಿ’, ‘ದೇವರ ಹೊಲ’ ಅಂದರೆ ಹೆಚ್ಚಿನ ಸಲ ಅರ್ಥ ಬೇರೆ ಇತ್ತು. ಕಣದಲ್ಲಿ ಹತ್ತು ಚೀಲ ಜೋಳದ ರಾಶಿ ಬಿದ್ದಿದೆ ಅಂತ ಇಟ್ಟುಕೊಳ್ಳಿ. ಅದರಲ್ಲಿ ಇಷ್ಟು ಚೀಲ ರಾಜನ ಪಾಲು. ಆ ರಾಜ ತನ್ನ ಪಾಲನ್ನು ಒಂದು ಗುಡಿಗೋ ಮಠಕ್ಕೋ ಸರದಾರನಿಗೋ ಬಿಟ್ಟುಕೊಟ್ಟ. ಅದೇ ದಾನ, ಉಂಬಳಿ, ಇನಾಮು. ಕೈ ಬದಲಾದದ್ದು ಚೀಲ. ನೇಗಿಲು ಹಿಡಿದವನು ಅಲ್ಲೇ ಇದ್ದ. ರಾಜರು ಬಂದರು, ಹೋದರು ಅಂತ ಶಾಲೆಯಲ್ಲಿ ಓದುತ್ತೇವಲ್ಲ, ಅವರೆಲ್ಲ ಬಡಿದಾಡಿದ್ದು ಬಹುಪಾಲು ಆ ಕಣದ ಪಾಲಿಗಾಗಿ.

ಈಗ ಮೇಲಿನ ಪದರದಿಂದ ಕೆಳಗೆ ಇಳಿಯೋಣ.

ಮಾವನ ಹೆಸರು ಒಂಬತ್ತನೇ ಕಾಲಂಗೆ ಬಂದದ್ದು ಅಜ್ಜನ ವಾರಸಾದಿಂದ. ಅಜ್ಜನ ಹೆಸರು ಬಂದದ್ದು ‘ಟೆನೆನ್ಸಿಯಿಂದ’, ಅಂದರೆ ಗೇಣಿದಾರನಿಗೇ ಹೊಲ ಕೊಡಿಸಿದ ಕಾಯ್ದೆಯಿಂದ. ನಮ್ಮ ಕಡೆ ಇವತ್ತಿಗೂ ಜನ ಹಾಗೇ ಹೇಳುತ್ತಾರೆ, ‘ಟೆನೆನ್ಸಿಯೊಳಗ ಬಂದ ಹೊಲ’ ಅಂತ. ಅಜ್ಜ ಆ ಹೊಲವನ್ನು ದೇಸಾಯರ ಕಡೆಯಿಂದ ಲಾವಣಿಗೆ ಹಾಕಿಕೊಂಡು ಮಾಡುತ್ತಿದ್ದರು, ಅವರ ಅಪ್ಪನೂ ಹಾಗೆಯೇ. ಲಾವಣಿ ಅಂದರೆ ವರ್ಷಕ್ಕೆ ಇಷ್ಟು ಅಂತ ಕಟ್ಟುವ ಗೇಣಿ. ಕೆಲವರು ಕೋರಿಗೆ ಮಾಡುತ್ತಿದ್ದರು, ಅಂದರೆ ಬೆಳೆದದ್ದರಲ್ಲಿ ಅರ್ಧ ಅರ್ಧ. 1961ರ ಭೂ ಸುಧಾರಣೆ ಕಾಯ್ದೆ 1965ರ ಅಕ್ಟೋಬರ್ 2ರಿಂದ ಜಾರಿಗೆ ಬಂತು. ಆದರೆ ಅದರಲ್ಲಿ ಸಂದುಗಳು ಜಾಸ್ತಿ ಇದ್ದವು. ದೇವರಾಜ ಅರಸು ಅವರ ಕಾಲದ ತಿದ್ದುಪಡಿ ಆ ಸಂದುಗಳನ್ನು ಮುಚ್ಚಿತು. 1974ರ ಮಾರ್ಚ್ 1ಕ್ಕೆ ಗೇಣಿಯಲ್ಲಿದ್ದ ಜಮೀನೆಲ್ಲ ಸರಕಾರಕ್ಕೆ ಸೇರಿತು. ಉಳುತ್ತಿದ್ದವನು ನಮೂನೆ 7ರಲ್ಲಿ ಅರ್ಜಿ ಹಾಕಬೇಕು, ತಾಲೂಕಿನ ಭೂ ನ್ಯಾಯಮಂಡಳಿ ವಿಚಾರಣೆ ಮಾಡಬೇಕು, ಒಪ್ಪಿದರೆ ನಮೂನೆ 10ರ ಪತ್ರ ಸಿಗುತ್ತಿತ್ತು. ಅರ್ಜಿ ಹಾಕಲಿಕ್ಕೆ ಕೊನೆಯ ದಿನ 1979ರ ಜೂನ್ 30ರವರೆಗೂ ಬೆಳೆಯಿತು.

ಕಾಲಂಗಳ ಭಾಷೆಯಲ್ಲಿ ಹೇಳುವುದಾದರೆ, ಹನ್ನೆರಡರಲ್ಲಿದ್ದವನು ಒಂಬತ್ತಕ್ಕೆ ಹತ್ತಿದ. ಒಂಬತ್ತರಲ್ಲಿದ್ದವನು ಹೊರಗೆ ಹೋದ.

ಅಷ್ಟು ಸುಲಭವಾಗಿ ಎಲ್ಲ ಕಡೆ ಆಗಲಿಲ್ಲ, ಅದೂ ನಿಜ. ಹನ್ನೆರಡನೇ ಕಾಲಂನಲ್ಲಿ ಹೆಸರೇ ಇಲ್ಲದೆ ಉಳುತ್ತಿದ್ದವರು ಎಷ್ಟೋ ಮಂದಿ. ಬಾಯಿಮಾತಿನ ಲಾವಣಿ, ಚೀಟಿಯಿಲ್ಲ, ರಸೀದಿಯಿಲ್ಲ. ಅರ್ಜಿ ಹಾಕಿದರೆ ಧಣಿಗೆ ಬೇಜಾರಾಗುತ್ತದೆ ಅಂತ ಸುಮ್ಮನಿದ್ದವರೂ ಇದ್ದರು. ಅಜ್ಜ ಅರ್ಜಿ ಹಾಕಿದ ಮೇಲೆ ಎರಡು ವರ್ಷ ದೇಸಾಯರ ಮನೆಯ ಮುಂದೆ ಹಾಯದೆ, ಹೊಳೆಯ ದಾರಿಯಿಂದ ಹೊಲಕ್ಕೆ ಹೋಗುತ್ತಿದ್ದರಂತೆ. ಹಾಗೆ ಬಂದ ಹೊಲವನ್ನು 15 ವರ್ಷ ಮಾರುವ ಹಾಗಿಲ್ಲ ಅಂತ ಶರ್ತು ಇತ್ತು. ಮಾವನ ಹಳೆಯ ಉತಾರದ ಹನ್ನೊಂದನೇ ಕಾಲಂನಲ್ಲಿ ಆ ಶರ್ತಿನ ಗೆರೆ ಮಸುಕಾಗಿ ಉಳಿದಿದೆ. ಮುಂದೆ 2000ದ ಸುಮಾರಿಗೆ ‘ಭೂಮಿ’ ಯೋಜನೆಯಲ್ಲಿ ಉತಾರಗಳೆಲ್ಲ ಕಂಪ್ಯೂಟರಿಗೆ ಹೋದವು. ಆಗ ನಮ್ಮ ಅಜ್ಜನ ಹೆಸರಿನಲ್ಲಿ ಒಂದಕ್ಷರ ಬಿದ್ದುಹೋಯಿತು. ಅದನ್ನು ತಿರುಗಿ ಸೇರಿಸಲಿಕ್ಕೆ ಮಾವ ಎಷ್ಟು ಓಡಾಡಿದರು ಅನ್ನುವುದು ಬೇರೆಯದೇ ಒಂದು ಪುರಾಣ.

ಅದಕ್ಕಿಂತ ಮೊದಲು? ಒಂಬತ್ತರಲ್ಲಿ ದೇಸಾಯರು. ಅವರ ಹೆಸರಿನ ಹಿಂದೆ ‘ಇನಾಮದಾರ’ ಅಂತ ಇತ್ತು. ಇದೇ ನಮ್ಮ ದಿಬ್ಬದ ದಪ್ಪನೆಯ ಪದರ.

ದೇಸಾಯಿ ಅನ್ನುವುದು ಈಗ ಅಡ್ಡಹೆಸರು. ಮೊದಲು ಅದೊಂದು ಕೆಲಸ. ಒಂದು ಪರಗಣೆಯ ಹಳ್ಳಿಗಳಿಂದ ಕಂದಾಯ ಎತ್ತಿ ಮೇಲಿನವರಿಗೆ ಮುಟ್ಟಿಸುವವನು ದೇಸಾಯಿ. ಅದರ ಲೆಕ್ಕ ಬರೆಯುವವನು ದೇಶಪಾಂಡೆ. ಹಳ್ಳಿಯ ಮಟ್ಟದಲ್ಲಿ ಇದೇ ಜೋಡಿ ಗೌಡ ಮತ್ತು ಕುಲಕರ್ಣಿ. ಸಂಬಳವಿಲ್ಲ. ಅದರ ಬದಲು ಎತ್ತಿದ್ದರಲ್ಲಿ ಒಂದು ಹಕ್ಕು, ಜೊತೆಗೆ ಕಂದಾಯವಿಲ್ಲದ ಅಥವಾ ಕಡಿಮೆ ಕಂದಾಯದ ಹೊಲ. ಈ ವಂಶಪಾರಂಪರ್ಯದ ಕೆಲಸ ಮತ್ತು ಹೊಲ ಎರಡೂ ಸೇರಿ ವತನ. ಪೂರ್ತಿ ಮಾಫಿ ಇಲ್ಲದಿದ್ದರೆ ಸ್ವಲ್ಪ ಕಟ್ಟಬೇಕು, ಅದಕ್ಕೆ ಜುಡಿ ಅನ್ನುತ್ತಾರೆ. ತಳವಾರ, ವಾಲಿಕಾರ, ಓಲೇಕಾರ, ಶೇತಸನದಿ ಎಲ್ಲರಿಗೂ ಸಣ್ಣಸಣ್ಣ ತುಣುಕು ಇದ್ದವು. ಧಾರವಾಡ, ಗದಗ, ಹಾವೇರಿ ಸೀಮೆಯ ಮತದಾರರ ಪಟ್ಟಿಯೊಂದನ್ನು ತೆಗೆದು ಅಡ್ಡಹೆಸರು ಓದಿಕೊಂಡು ಹೋಗಿ. ಹಳೆಯ ಕಂದಾಯ ಇಲಾಖೆಯ ಹಾಜರಿ ಪುಸ್ತಕ ಓದಿದ ಹಾಗಾಗುತ್ತದೆ. ‘ಹುಡೇದ’, ‘ಹುಡೇದಮನಿ’ ಅನ್ನುವವರು ಸಿಕ್ಕರೆ ಅವರ ಮನೆ ಒಂದು ಕಾಲಕ್ಕೆ ಹುಡೇವಿನ ಮಗ್ಗುಲಲ್ಲಿತ್ತು ಅಂತ ತಿಳಿಯಬಹುದು.

ವಾಡೆ ಅಂದರೆ ಈ ದೇಸಾಯರ ಮನೆ, ಕಚೇರಿ, ಉಗ್ರಾಣ, ಕೋಟೆ ಎಲ್ಲ ಒಂದರಲ್ಲೇ. ಅರಮನೆಯ ಬೆಡಗು ಅದರಲ್ಲಿ ಹುಡುಕಬೇಡಿ. ದಪ್ಪ ಮಣ್ಣಿನ ಗೋಡೆ, ಮೇಲೆ ಮಣ್ಣಿನದೇ ಮಾಳಿಗೆ, ಬೆಳಕಿಗೊಂದು ಬೆಳಕಿಂಡಿ. ಎಲ್ಲಕ್ಕಿಂತ ಮುಖ್ಯವಾದದ್ದು ನೆಲದ ಕೆಳಗಿತ್ತು, ಹಗೇವು. ಜೋಳ ತುಂಬಿಡುವ ಆಳದ ಗುಂಡಿ. ಕೆಳಗೆ ಹುಲ್ಲು ಹಾಸಿ, ಜೋಳ ಸುರಿದು, ಬಾಯಿಗೆ ಕಲ್ಲುಚಪ್ಪಡಿ ಇಟ್ಟು, ಮಣ್ಣು ಮೆತ್ತಿ ಮುಚ್ಚಿಬಿಟ್ಟರೆ ವರ್ಷಗಟ್ಟಲೆ ಇರುತ್ತಿತ್ತು. ತೆರೆದ ಕೂಡಲೇ ಯಾರೂ ಒಳಗೆ ಇಳಿಯುವಂತಿಲ್ಲ, ಒಳಗಿನ ಗಾಳಿ ಉಸಿರು ಕಟ್ಟಿಸುತ್ತದೆ. ದೀಪ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಇಳಿಯಬೇಕು. ಕಣದ ಪಾಲು ಅಂದೆನಲ್ಲ, ಆ ಪಾಲು ಹೋಗಿ ಬೀಳುತ್ತಿದ್ದುದು ಇಂಥ ಹಗೇವಿಗೆ. ಎಷ್ಟು ಹಗೇವು ಇವೆ ಅನ್ನುವುದರ ಮೇಲೆ ವಾಡೆಯ ತೂಕ. ನಮ್ಮ ದಿಬ್ಬದ ಮೇಲೆ ಕಾಲಿಟ್ಟರೆ ಒಂದೆರಡು ಕಡೆ ನೆಲ ಟೊಳ್ಳು ಟೊಳ್ಳು ಸದ್ದು ಮಾಡುತ್ತದೆ. ಮಕ್ಕಳನ್ನು ಅಲ್ಲಿಗೆ ಬಿಡುವುದಿಲ್ಲ.

ಹುಡೇವು ಈ ಹಗೇವಿನ ಕಾವಲು. ತಳದಲ್ಲಿ ಕಲ್ಲು, ಮೇಲೆ ಹಸಿ ಮಣ್ಣು, ದುಂಡಗೆ, ಮೇಲೆ ಹೋದ ಹಾಗೆ ಸಣ್ಣಗಾಗುವ ಗೋಪುರ. ಬಂದೂಕಿನ ಕಿಂಡಿಗಳು ಹೊಳೆಯ ಕಡೆ ಮುಖ ಮಾಡಿರುತ್ತವೆ, ಯಾಕೆಂದರೆ ಬೇಸಿಗೆಯಲ್ಲಿ ತುಂಗಭದ್ರೆ ತೆಳ್ಳಗಾಗುತ್ತದೆ. ಎಲ್ಲಿ ಹರಿಗೋಲು ಬೇಕೋ ಅಲ್ಲಿ ಮೊಣಕಾಲು ನೀರಿನಲ್ಲಿ ಕುದುರೆ ದಾಟುತ್ತದೆ. ದಾಟುವವರು ನೆಂಟರೇ ಆಗಿರಬೇಕೆಂದಿಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಸೆರೆಯಿಂದ ತಪ್ಪಿಸಿಕೊಂಡ ಧೋಂಡಿಯಾ ವಾಘ್ ದಂಡು ಕಟ್ಟಿಕೊಂಡು ಇದೇ ಸೀಮೆಯಲ್ಲಿ ತಿರುಗಿದ. ತನ್ನನ್ನು ಎರಡು ಲೋಕದ ದೊರೆ ಅಂತ ಕರೆದುಕೊಂಡ. ಅವನ ಬೆನ್ನು ಹತ್ತಿ ಕರ್ನಲ್ ವೆಲ್ಲೆಸ್ಲಿ 1800ರ ಜೂನ್‌ನಲ್ಲಿ ಹೊಳೆ ದಾಟಿದ, ಮುಂದೆ ವಾಟರ್‌ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನೇ ಇವನು. ರಾಣೆಬೆನ್ನೂರಿನ ಕೋಟೆಯನ್ನು ಹಿಡಿದ, ಮುಂದೆ ಡಂಬಳವನ್ನು ಹಿಡಿದ. ಸೆಪ್ಟೆಂಬರ್ ಹೊತ್ತಿಗೆ ಧೋಂಡಿಯಾ ಸತ್ತ. ಇಂಥ ಒಂದು ವರ್ಷ ಕಂಡ ಊರು ಹುಡೇವು ಕಟ್ಟದೆ ಇದ್ದೀತೇ? ರಾಣೆಬೆನ್ನೂರು ತಾಲೂಕಿನ ಐರಣಿಯಲ್ಲಿ ಹೊಳೆಯ ದಂಡೆಗೇ ಕೋಟೆ ಇದೆ, ಹೋಗಿ ನೋಡಿ. ನಮ್ಮ ದಿಬ್ಬದ್ದು ಅದರ ಬಡ ತಮ್ಮ.

ಹುಡೇವು ಅರ್ಧ ಆದದ್ದು ಫಿರಂಗಿಯಿಂದಲ್ಲ ಮತ್ತೆ. ಹಳೆಯ ಗೋಡೆಯ ಮಣ್ಣು ಹೊಲಕ್ಕೆ ಒಳ್ಳೆಯ ಗೊಬ್ಬರ. ಮಳೆಗಾಲಕ್ಕೆ ಮುಂಚೆ ಚಕ್ಕಡಿ ತಂದು ಹೇರಿಕೊಂಡು ಹೋದರು, ನಮ್ಮವರೂ ಸೇರಿ.

ಈ ದೇಸಾಯರಿಗೆ ಹಕ್ಕು ಕೊಟ್ಟವರು ಯಾರು? ಇಲ್ಲಿ ಕೈಗಳು ಬೇಗ ಬೇಗ ಬದಲಾಗುತ್ತವೆ. ವಿಜಯನಗರ 1565ರಲ್ಲಿ ಸೋತ ಮೇಲೆ ಬಿಜಾಪುರದ ಆದಿಲಶಾಹಿ. ಬಿಜಾಪುರ 1686ರಲ್ಲಿ ಬಿದ್ದ ಮೇಲೆ ಔರಂಗಜೇಬ. ಅವನ ಕಾಲದಲ್ಲಿ ಪಠಾಣ ಸರದಾರ ಅಬ್ದುಲ್ ರವೂಫ್ ಖಾನನಿಗೆ ಬಂಕಾಪುರ ಸೀಮೆ ಜಹಗೀರಾಗಿ ಸಿಕ್ಕಿತು, ಅದೇ ಸವಣೂರು ನವಾಬಿ. ಆಮೇಲೆ ಪೇಶ್ವೆ ಒಂದು ಕಡೆ ಎಳೆದರು, ಹೈದರ್ ಮತ್ತು ಟಿಪ್ಪು ಇನ್ನೊಂದು ಕಡೆ ಎಳೆದರು. 1818ಕ್ಕೆ ಇಂಗ್ಲಿಷರು. ದೇಸಾಯಿ ಮಾತ್ರ ಎಲ್ಲರ ಕಾಲದಲ್ಲೂ ಇದ್ದ. ಬಂದವರಿಗೆ ಕಂದಾಯ ಎತ್ತಿಕೊಡುವವರು ಬೇಕಲ್ಲ. ಹೊಸ ದೊರೆ ಬಂದಾಗ ಹಳೆಯ ಸನದು, ಅಂದರೆ ಹಕ್ಕುಪತ್ರ, ತೋರಿಸಿ ಹೊಸ ಸನದು ಬರೆಸಿಕೊಳ್ಳುವುದು, ಅಷ್ಟೇ. ನವಾಬರು ಕೊಟ್ಟದ್ದು ಅನ್ನುವ ಮಾತು, ದೇಸಾಯರದು ಅನ್ನುವ ಮಾತು ಎರಡೂ ಹೀಗೆ ಒಟ್ಟಿಗೇ ನಿಜ ಆಗಬಹುದು.

ಇಂಗ್ಲಿಷರು ಈ ಆಟದ ನಿಯಮವನ್ನೇ ಬದಲಿಸಿದರು. ಮೊದಲು ಅಳತೆ. 1840ರ ದಶಕದಲ್ಲಿ ಧಾರವಾಡ ಜಿಲ್ಲೆಯಲ್ಲಿ ಸರ್ವೆ ಶುರುವಾಯಿತು. ಅಲ್ಲಿಯವರೆಗೆ ನಮ್ಮವರು ಹೊಲವನ್ನು ಕೂರಿಗೆಯಲ್ಲಿ ಎಣಿಸುತ್ತಿದ್ದರು. ಒಂದು ಕೂರಿಗೆ ಅಂದರೆ ಸುಮಾರು ನಾಲ್ಕು ಎಕರೆ, ಮುದುಕರು ಈಗಲೂ ಹಾಗೇ ಹೇಳುತ್ತಾರೆ. ಸರ್ವೆಯವರು 33 ಅಡಿಯ ಸರಪಳಿ ತಂದರು. 33 ಅಡಿ ಉದ್ದ, 33 ಅಡಿ ಅಗಲ ಅಂದರೆ ಒಂದು ಗುಂಟೆ. ನಲವತ್ತು ಗುಂಟೆಗೆ ಒಂದು ಎಕರೆ. ಮಣ್ಣಿಗೆ ಹದಿನಾರು ಆಣೆಯ ಲೆಕ್ಕದಲ್ಲಿ ದರ್ಜೆ ಹಾಕಿದರು. ಕಪ್ಪು ಮಣ್ಣಿನ ಎರೆ ಹೊಲಕ್ಕೆ ಹೆಚ್ಚು ಆಣೆ, ಕೆಂಪು ಮಣ್ಣಿನ ಮಸಾರಿಗೆ ಕಡಿಮೆ. ಪ್ರತಿ ತುಂಡಿಗೂ ಸರ್ವೆ ನಂಬರು, ಪ್ರತಿ ನಂಬರಿಗೂ ಇಂತಿಷ್ಟು ‘ಆಕಾರ’, ಅಂದರೆ ಕಂದಾಯ. ಮೂವತ್ತು ವರ್ಷ ಅದೇ ದರ. ಕಣದಲ್ಲಿ ರಾಶಿ ನೋಡಿ ಪಾಲು ಕೇಳುವುದು ನಿಂತಿತು. ಬೆಳೆ ಬರಲಿ ಬಿಡಲಿ, ರೊಕ್ಕ ಕಟ್ಟಬೇಕು.

ಎರಡನೆಯದು ತನಿಖೆ, ಅದು ನಿಜವಾಗಿ ಕಚ್ಚಿತು. ಇಷ್ಟೊಂದು ಹೊಲ ಇನಾಮು ಅಂತ ಕಂದಾಯ ತಪ್ಪಿಸಿಕೊಂಡಿದೆಯಲ್ಲ, ದಾಖಲೆ ಎಲ್ಲಿ ಅಂತ ಕೇಳಲಿಕ್ಕೆ ಶುರು ಮಾಡಿದರು. 1843ರಿಂದ ನಮ್ಮ ಸೀಮೆಯಲ್ಲಿ ವಿಚಾರಣೆ ನಡೆಯಿತು, 1852ರಲ್ಲಿ ಇನಾಂ ಕಮಿಷನ್ನಿಗೆ ಕಾಯ್ದೆಯ ಬಲವೂ ಬಂತು. ಯಾರು ಕೊಟ್ಟರು, ಯಾವಾಗ ಕೊಟ್ಟರು, ಕೊಡುವ ಅಧಿಕಾರ ಅವರಿಗಿತ್ತೇ, ಅನುಭವ ಎಷ್ಟು ತಲೆಮಾರಿನದು? ಗೆದ್ದಲು ತಿಂದ ಸನದು, ಹೊಳೆಯಲ್ಲಿ ಹೋದ ಸನದು, ಬಾಯಿಮಾತಿನಲ್ಲೇ ನಡೆದು ಬಂದದ್ದು, ಇದಕ್ಕೆಲ್ಲ ಕಮಿಷನ್ನಿನ ಮುಂದೆ ಬೆಲೆ ಕಡಿಮೆ. ಜೊತೆಗೆ ಇನ್ನೊಂದು ಬರೆ. ಮಕ್ಕಳಿಲ್ಲದ ಸಂಸ್ಥಾನಿಕರು ದತ್ತು ತೆಗೆದುಕೊಂಡರೆ ಒಪ್ಪುವುದಿಲ್ಲ ಅಂದರು. ಅದರ ಮೇಲೆ, 1857ರ ದಂಗೆಯ ನಂತರ, ಆಯುಧಗಳನ್ನು ತಂದು ಒಪ್ಪಿಸಿ ಅಂದರು.

ಈ ಮೂರೂ ಸೇರಿ 1858ರ ಮೇ ತಿಂಗಳಲ್ಲಿ ನಮ್ಮ ಸೀಮೆ ಹೊತ್ತಿಕೊಂಡಿತು. ಮುಂಡರಗಿಯ ಭೀಮರಾವ್ ಮೊದಲು ಕಂಪನಿ ಸರಕಾರದಲ್ಲಿ ಕೆಲಸ ಮಾಡಿದವನು. ಅವನಿಗೆ ಜೊತೆಯಾದವನು ಹಮ್ಮಿಗಿಯ ಕೆಂಚನಗೌಡ. ಹಮ್ಮಿಗಿ ಗದಗ ಜಿಲ್ಲೆಯಲ್ಲಿ, ತುಂಗಭದ್ರೆಯ ದಂಡೆಗೇ ಇರುವ ಊರು. ಅಲ್ಲಿ ಕೂಡಿಟ್ಟ ಆಯುಧಗಳು ಸರಕಾರದವರ ಕಣ್ಣಿಗೆ ಬಿದ್ದವು. ಭೀಮರಾವ್ ಮತ್ತು ಅವನ ಕಡೆಯವರು ಕಾವಲಿನವರನ್ನು ಹೊಡೆದು ಆಯುಧ ಬಿಡಿಸಿಕೊಂಡರು. ಡಂಬಳದ ಖಜಾನೆ ಲೂಟಿಯಾಯಿತು. ಅಲ್ಲಿಂದ ನಿಜಾಮರ ಸೀಮೆಯ ಕೊಪ್ಪಳದ ಕೋಟೆ ಹೊಕ್ಕರು. ಜೂನ್ 1ಕ್ಕೆ ಕೋಟೆ ಬಿತ್ತು, ಭೀಮರಾವ್ ಅಲ್ಲೇ ಸತ್ತ. ಇತ್ತ ನರಗುಂದದ ಭಾಸ್ಕರರಾವ್ ಭಾವೆ, ಬಾಬಾಸಾಹೇಬ ಅಂತ ಜನ ಕರೆಯುತ್ತಿದ್ದ ದೊರೆ, ದತ್ತು ಸಿಗದ ಸಿಟ್ಟಿನಲ್ಲಿದ್ದ. ಮೇ 29ರ ರಾತ್ರಿ ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ನನನ್ನು ಕೊಂದರು. ಜೂನ್ 12ಕ್ಕೆ ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ಎರಡು ವಾರದ ಸುತ್ತಿನಲ್ಲಿ ಎಲ್ಲ ಮುಗಿದುಹೋಯಿತು.

ಇದನ್ನು ನಾವು ಸ್ವಾತಂತ್ರ್ಯ ಹೋರಾಟ ಅಂತ ಓದುತ್ತೇವೆ, ಸರಿಯೇ. ಆದರೆ ಕಾಲಂ ಒಂಬತ್ತರ ಜಗಳ ಅಂತಲೂ ಒಮ್ಮೆ ಓದಿ ನೋಡಬೇಕು. ಕಣದ ಪಾಲು ತಿನ್ನುತ್ತಿದ್ದವನ ಕೈಯಿಂದ ಪಾಲು ಜಾರುತ್ತಿತ್ತು, ಅವನ ಮಾನವೂ ಜಾರುತ್ತಿತ್ತು. ಹನ್ನೆರಡನೇ ಕಾಲಂನವನು ಅವತ್ತು ಏನೆಂದುಕೊಂಡ ಅನ್ನುವುದನ್ನು ಯಾರೂ ಬರೆದಿಡಲಿಲ್ಲ.

ದಂಗೆಯ ನಂತರ ಸರಕಾರ ಸ್ವಲ್ಪ ಮೆತ್ತಗಾಯಿತು. 1863ರ ಕಾಯ್ದೆಗಳ ಪ್ರಕಾರ ಕಂದಾಯದ ಒಂದು ಪಾಲನ್ನು ಜುಡಿಯಾಗಿ ಕಟ್ಟಲು ಒಪ್ಪಿದರೆ ಇನಾಮು ಕಾಯಂ, ಹೆಚ್ಚು ಪ್ರಶ್ನೆಯಿಲ್ಲ. ತಮಾಷೆ ನೋಡಿ, ಈ ಒಪ್ಪಂದದಿಂದಲೇ ದೇಸಾಯಿ ಮೊದಲ ಸಲ ಮಣ್ಣಿನ ಒಡೆಯನ ಹಾಗಾದ. ಮೊದಲು ಅವನದು ಪಾಲಿನ ಹಕ್ಕು. ಈಗ ಸರ್ವೆ ನಂಬರು, ಗಡಿ, ಹೆಸರು, ಮಾರುವ ಅಧಿಕಾರ. ಉಳುವವನು ಅವನ ಲಾವಣಿದಾರ. ನಾವು ಹಳೆಯ ಕಾಲದ ಜಮೀನ್ದಾರಿಕೆ ಅಂದುಕೊಂಡದ್ದರಲ್ಲಿ ಎಷ್ಟೋ ಭಾಗ ಈ ನೂರು ವರ್ಷದ ಕಾಗದಗಳಲ್ಲೇ ಹುಟ್ಟಿದ್ದು.

ಅದು ಬಿಚ್ಚಿಕೊಂಡದ್ದೂ ಕಾಗದದಲ್ಲೇ, ತುಂಡು ತುಂಡಾಗಿ. ಧಾರವಾಡ ಜಿಲ್ಲೆ ಇನ್ನೂ ಮುಂಬಯಿ ರಾಜ್ಯದಲ್ಲಿದ್ದಾಗಲೇ, 1950ರಲ್ಲಿ ಪರಗಣೆ ಮತ್ತು ಕುಲಕರ್ಣಿ ವತನ ರದ್ದತಿಯ ಕಾಯ್ದೆ ಬಂತು, ದೇಸಾಯಿಕೆಯ ಕೆಲಸ ಹೋಯಿತು. 1952ರ ಕಾಯ್ದೆಯಿಂದ ವೈಯಕ್ತಿಕ ಇನಾಮಿನ ಕಂದಾಯ ಮಾಫಿ ಹೋಯಿತು. ಹೊಲ ಉಳಿಯಿತು, ಎಲ್ಲರ ಹಾಗೆ ಕಂದಾಯ ಕಟ್ಟಬೇಕಾಯಿತು. 1956ರ ನವೆಂಬರ್ 1ಕ್ಕೆ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಗೌಡ, ತಳವಾರರ ವತನ ತೆಗೆಯಿತು, ಆ ಹೊಲಗಳನ್ನು ಅವರಿಗೇ ಮರುಮಂಜೂರು ಮಾಡುವ ದಾರಿ ಇಟ್ಟಿತು. ಉಳಿದದ್ದನ್ನು 1974 ಮುಗಿಸಿತು. ಈಗ ವಾಡೆಯ ಹೆಬ್ಬಾಗಿಲು ಮಾತ್ರ ಯಾಕೆ ನಿಂತಿದೆ ಅಂತ ಗೊತ್ತಾಯಿತಲ್ಲ. ಹಗೇವಿಗೆ ಜೋಳ ಬರುವುದು ನಿಂತ ಮೇಲೆ ಅಷ್ಟು ದೊಡ್ಡ ಮಣ್ಣಿನ ಮಾಳಿಗೆಗೆ ವರ್ಷವರ್ಷ ಮಣ್ಣು ಹಾಕಿಸುವವರು ಯಾರು? ಮಕ್ಕಳು ಹುಬ್ಬಳ್ಳಿಗೆ, ಪುಣೆಗೆ ಹೋದರು. ಒಂದು ಮಳೆಗಾಲ ಮಾಳಿಗೆ ಕುಸಿಯಿತು.

ಇನ್ನು ಎಮ್ಮೆ ಕಟ್ಟುವ ಕಲ್ಲು. ಅದರ ಮೇಲ್ಭಾಗದಲ್ಲಿ ಸೂರ್ಯ, ಚಂದ್ರ, ಕರುವಿಗೆ ಹಾಲೂಡುವ ಆಕಳು, ಒಂದು ಕತ್ತಿ. ಅಕ್ಷರಗಳು ಎಮ್ಮೆಯ ಮೈ ತಿಕ್ಕಿ ತಿಕ್ಕಿ ಅಳಿಸಿವೆ. ಅಕ್ಷರ ಓದಲಿಕ್ಕೆ ಬರದಿದ್ದರೂ ಇದು ದಾನಶಾಸನ ಅಂತ ಆ ಚಿತ್ರಗಳೇ ಹೇಳುತ್ತವೆ. ಇಂಥದರ ಚೆಂದದ ಮಾದರಿ ಬೇಕೆಂದರೆ ರಾಣೆಬೆನ್ನೂರು ತಾಲೂಕಿನ ಚೌಡದಾನಪುರಕ್ಕೆ ಹೋಗಬೇಕು. ಹೊಳೆಯ ದಂಡೆಯ ಮೇಲೆ ಮುಕ್ತೇಶ್ವರ ಗುಡಿ, ಬಳಪದ ಕಲ್ಲಿನ ನುಣುಪು ಕೆತ್ತನೆ, ಆವರಣದಲ್ಲಿ ಆಳೆತ್ತರದ ಶಾಸನಗಳು. ಒಟ್ಟು ಏಳು ಉದ್ದನೆಯ ಶಾಸನ ಅಲ್ಲಿ ಸಿಕ್ಕಿವೆ. ದಾನಗಳ ಲೆಕ್ಕ, ಗುಡಿಯಲ್ಲಿ ಕಟ್ಟಿಸಿದ್ದರ ಲೆಕ್ಕ, ಮುಕ್ತಜೀಯರೆಂಬ ಲಾಕುಳ ಶೈವ ಗುರುವಿನ ಮಾತು, 1225ರ ಆಗಸ್ಟ್ 19ರಂದು ಆ ಊರಿಗೆ ಬಂದು ಅಲ್ಲೇ ಬಾಳಿದ ಶಿವದೇವರೆಂಬ ವೀರಶೈವ ಸಂತರ ಮಾತು. ಎಂಟುನೂರು ವರ್ಷದ ಹಿಂದೆ ಒಬ್ಬರು ಒಂದು ಹಳ್ಳಿಗೆ ಬಂದ ದಿನ ನಮಗೆ ಗೊತ್ತಿದೆ, ನಮ್ಮ ಅಜ್ಜ ಹುಟ್ಟಿದ ದಿನ ಗೊತ್ತಿಲ್ಲ.

ಈ ಕಡೆ ಆಗ ಆಳುತ್ತಿದ್ದವರು ಗುತ್ತಲದ ಗುತ್ತರು. ಗುತ್ತವೊಳಲು ಅಂದರೆ ಈಗಿನ ಹಾವೇರಿ ತಾಲೂಕಿನ ಗುತ್ತಲ. ಉಜ್ಜಯಿನಿಯ ಚಂದ್ರಗುಪ್ತನ ವಂಶದವರು ತಾವು ಅಂತ ಹೇಳಿಕೊಂಡರು. ಆದರೆ ಅವರೂ ಸ್ವತಂತ್ರರಲ್ಲ, ಕಲ್ಯಾಣದ ಚಾಲುಕ್ಯರಿಗೆ, ಕಳಚುರಿಗಳಿಗೆ, ಆಮೇಲೆ ದೇವಗಿರಿಯ ಸೇವುಣರಿಗೆ ತಲೆಬಾಗಿದವರು. ದೇಸಾಯಿಯ ಪಾಡೇ ಇದು, ಸ್ವಲ್ಪ ದೊಡ್ಡ ಅಳತೆಯಲ್ಲಿ. ಕೆಳಗಿನ ಮೆಟ್ಟಿಲೂ ಹಾಗೆಯೇ ಹೊಂದುತ್ತದೆ. ಶಾಸನದ ನಾಳ್ಗಾವುಂಡ ಮುಂದೆ ನಾಡಗೌಡನಾದ. ಲೆಕ್ಕ ಬರೆಯುತ್ತಿದ್ದ ಸೇನಬೋವನ ಹೆಸರು ಹಳೇ ಮೈಸೂರು ಕಡೆ ಶಾನುಭೋಗ ಅಂತ ಉಳಿಯಿತು, ಅವನ ಕೆಲಸ ನಮ್ಮ ಕಡೆ ಕುಲಕರ್ಣಿಗೆ ಬಂತು.

ದಾನಶಾಸನದ ಮಾತು ಕೇಳಿ. ಪಡೆಯುವವರ ‘ಕಾಲಂ ಕರ್ಚಿ’, ಅಂದರೆ ಕಾಲು ತೊಳೆದು, ‘ಧಾರಾಪೂರ್ವಕಂ ಮಾಡಿ’, ಅಂದರೆ ಕೈಗೆ ನೀರು ಎರೆದು ಕೊಟ್ಟರು. ‘ಆಚಂದ್ರಾರ್ಕ’, ಚಂದ್ರ ಸೂರ್ಯರು ಇರುವವರೆಗೆ. ಅದಕ್ಕೇ ಕಲ್ಲಿನ ಮೇಲೆ ಆ ಎರಡು ಚಿತ್ರ. ಭೂಮಿ ಇಷ್ಟು ಮತ್ತರು, ಇಷ್ಟು ಕಮ್ಮ, ಅವು ಆಗಿನ ಅಳತೆಗಳು. ಆಮೇಲೆ ನಾಲ್ಕು ದಿಕ್ಕಿನ ಗಡಿ, ಮೂಡಲು ಹಳ್ಳ, ತೆಂಕಲು ಹುತ್ತ, ಪಡುವಲು ನಟ್ಟ ಕಲ್ಲು, ಹೀಗೆ. ಇವತ್ತಿನ ಖರೀದಿ ಪತ್ರದ ಚಕಬಂದಿ ತೆಗೆದು ಪಕ್ಕದಲ್ಲಿಟ್ಟರೆ ಸಾಲುಗಳ ಜಾಡು ಒಂದೇ. ಕೊನೆಗೆ ಶಾಪ. ಈ ದಾನವನ್ನು ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಹೇಲಿನಲ್ಲಿ ಹುಳುವಾಗಿ ಹುಟ್ಟುತ್ತಾನೆ, ವಾರಣಾಸಿಯಲ್ಲಿ ಕವಿಲೆಯನ್ನು, ಅಂದರೆ ಆಕಳನ್ನು, ಕೊಂದ ಪಾಪ ಅವನಿಗೆ. ಪೊಲೀಸು, ಕೋರ್ಟು ಇಲ್ಲದ ಕಡೆ ಹನ್ನೊಂದನೇ ಕಾಲಂ ಇದೇ ಆಗಿತ್ತು. ಮುಂದಿನ ರಾಜ ಯಾರೋ ಏನೋ, ಹೆದರಿಕೆಯಾದರೂ ಇರಲಿ ಅಂತ.

ಚೌಡದಾನಪುರದ ಹೆಸರಿನಲ್ಲೇ ದಾನ ಇದೆ. ಹಿಂದೆ ಅದು ಶಿವಪುರ, ಅಂಬಿಗರ ಚೌಡಯ್ಯನಿಗೆ ದಾನ ಬಂದದ್ದರಿಂದ ಚೌಡಯ್ಯದಾನಪುರ ಆಯಿತು ಅಂತ ಜನ ಹೇಳುತ್ತಾರೆ. ಚೌಡಯ್ಯ ಹನ್ನೆರಡನೇ ಶತಮಾನದ ವಚನಕಾರ, ಶರಣರಲ್ಲೆಲ್ಲ ಬಾಯಿ ಬಿಚ್ಚಿ ಬೈಯುವುದರಲ್ಲಿ ಹೆಸರಾದವನು. ನನಗೆ ಈ ಕತೆ ಇಷ್ಟ, ಯಾಕೆಂದರೆ ಹೊಳೆದಂಡೆಯಲ್ಲಿ ಅರಸ, ಗುಡಿ, ಗೌಡ ಇವರಷ್ಟೇ ಇರುವುದಿಲ್ಲ. ದಾಟಿಸುವವನೂ ಒಬ್ಬ ಬೇಕು. ಗುತ್ತ, ದೇಸಾಯಿ, ನವಾಬ, ಕಲೆಕ್ಟರ್ ಎಲ್ಲರೂ ಮಳೆಗಾಲದಲ್ಲಿ ಅಂಬಿಗನ ಹರಿಗೋಲಿನಲ್ಲೇ ಕೂರಬೇಕು.

ಹೊಳೆಯೂ ಒಂದು ಗಡಿ ಆಗಿತ್ತು ಅನ್ನುವುದನ್ನು ನಮ್ಮ ತಲೆಮಾರು ಮರೆತೇಬಿಟ್ಟಿದೆ. ಇಂಗ್ಲಿಷರ ಕಾಲದಲ್ಲಿ ಈಚೆ ದಂಡೆ ಮುಂಬಯಿ ಪ್ರಾಂತ್ಯ. ಆಚೆ ದಂಡೆ ಕೆಲವು ಕಡೆ ಮೈಸೂರು ಸಂಸ್ಥಾನ, ಕೆಲವು ಕಡೆ ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆ. ಈಚೆಯೂ ಚಿಂದಿ ಚಿಂದಿ. ಸವಣೂರು ನವಾಬರದು, ಲಕ್ಷ್ಮೇಶ್ವರ ಮಿರಜದವರದು, ಶಿರಹಟ್ಟಿ ಸಾಂಗಲಿಯವರದು, ಕುಂದಗೋಳ ಜಮಖಂಡಿಯವರದು. ನಮ್ಮ ಅಜ್ಜಿ ಆಚೆ ದಂಡೆಯವಳು. ಮದುವೆಯಾಗಿ ಹರಿಗೋಲಿನಲ್ಲಿ ಬಂದಾಗ ಅವಳು ಮದರಾಸಿನಿಂದ ಮುಂಬಯಿಗೆ ಬಂದ ಲೆಕ್ಕ. ಎರಡೂ ದಂಡೆಯಲ್ಲಿ ಕನ್ನಡವೇ, ರೊಟ್ಟಿಯೇ.

ಗಲಗನಾಥದಲ್ಲಿ ವರದಾ ಬಂದು ತುಂಗಭದ್ರೆಗೆ ಕೂಡುತ್ತದೆ. ಸಾಗರದ ಕಡೆ ಹುಟ್ಟಿ, ಬನವಾಸಿಯನ್ನು ಸುತ್ತಿಕೊಂಡು ಬರುವ ಹೊಳೆ ಅದು. ಆ ಸಂಗಮದ ಗಳಗೇಶ್ವರ ಗುಡಿಯ ತಳವನ್ನು ಗಮನಿಸಿ. ಇಳಿಜಾರಾಗಿ, ಬೆಟ್ಟದ ಬುಡದ ಹಾಗೆ ಹೊರಕ್ಕೆ ಚಾಚಿದೆ. ಬೇರೆ ಚಾಲುಕ್ಯ ಗುಡಿಗಳಲ್ಲಿ ಹೀಗೆ ಕಾಣುವುದು ಅಪರೂಪ. ಎರಡು ಹೊಳೆಯ ನೆರೆ ಬಡಿಯುವ ಜಾಗದಲ್ಲಿ ಅಂಥ ಬುಡ ಯಾಕೆ ಬೇಕಾಯಿತು ಅನ್ನುವುದನ್ನು ಒಂದು ಮಳೆಗಾಲ ಅಲ್ಲಿ ನಿಂತು ನೋಡಿದರೆ ಊಹಿಸಬಹುದು. ನಮ್ಮ ದಿಬ್ಬದ ತಳದ ಪದರವೂ ಅದೇ, ನೆರೆ. ಹೊಳೆ ಬಾಗುವ ಕಡೆ ಹೊರಮಗ್ಗುಲನ್ನು ಕೊರೆಯುತ್ತದೆ, ಗಟ್ಟಿ ಕಲ್ಲು ಇದ್ದಲ್ಲಿ ಕೊರೆಯಲಾರದೆ ದಿಬ್ಬವಾಗಿ ಬಿಡುತ್ತದೆ. ನೀರು ಏರದ ಎತ್ತರ, ದಾಟುವ ಕಡವು ಕಣ್ಣಳತೆಯಲ್ಲಿ, ಸುತ್ತ ಎರೆ ಹೊಲ. ಗುಡಿ ಕಟ್ಟುವವನಿಗೂ ಅದೇ ಬೇಕು, ಹುಡೇವು ಕಟ್ಟುವವನಿಗೂ ಅದೇ ಬೇಕು. ಪದರಗಳು ಒಂದರ ಮೇಲೊಂದು ಕೂತದ್ದು ಅದಕ್ಕೆ.

ಈಗಿನ ಪದರ ನೀರಾವರಿಯದು. ಕೆಂಚನಗೌಡನ ಹಮ್ಮಿಗಿಯಲ್ಲೇ ಈಗ ಸಿಂಗಟಾಲೂರು ಏತ ನೀರಾವರಿಯ ಬ್ಯಾರೇಜು ನಿಂತಿದೆ. ಚೌಡದಾನಪುರ, ಗಲಗನಾಥದ ಗುಡಿಗಳು ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ. ಅಂಥ ಸ್ಮಾರಕದ 100 ಮೀಟರ್ ಒಳಗೆ ಹೊಸದಾಗಿ ಕಟ್ಟುವಂತಿಲ್ಲ, ಅದರಾಚೆ ಇನ್ನೂ 200 ಮೀಟರ್‌ವರೆಗೆ ಅನುಮತಿ ಬೇಕು. ಅರವತ್ತು ಸಾವಿರ ವರ್ಷದ ಶಾಪದ ಬದಲು ಈಗ ಇದು. ನಮ್ಮ ದಿಬ್ಬಕ್ಕೆ ಯಾವ ರಕ್ಷಣೆಯೂ ಇಲ್ಲ, ಎಮ್ಮೆ ಬಿಟ್ಟರೆ.

ಉತಾರ ಓದಿ ಮುಗಿಸಿ ಮಾವನಿಗೆ ಕೊಟ್ಟೆ. ಸುತ್ತಲಿನ ಹೊಲವೇನೋ ಗೊತ್ತಾಯಿತು, ಆದರೆ ದಿಬ್ಬ? ಹುಡೇವು, ಬಾಗಿಲು, ಕಲ್ಲು ಇರುವ ಆ ನೆತ್ತಿ ಯಾರದು ಅಂತ ಮತ್ತೆ ಕೇಳಿದೆ. ಮಾವ ಕನ್ನಡಕ ಹಾಕಿಕೊಂಡು, ಉತಾರದ ಮೇಲಿನ ಮೂಲೆಯಲ್ಲಿ ಒಂದು ಸಾಲಿನ ಮೇಲೆ ಬೆರಳಿಟ್ಟರು. ಖರಾಬು ಅಂತ ಇತ್ತು. ಸರ್ವೆಯವರು ಸರಪಳಿ ಹಿಡಿದು ಬಂದಾಗ ಕಲ್ಲು, ದಾರಿ, ಹಳ್ಳ, ಪಾಳು ಗೋಡೆ ಇವನ್ನೆಲ್ಲ ಬೆಳೆ ಬಾರದ ಜಾಗ ಅಂತ ಕಳೆದು, ಉಳಿದದ್ದಕ್ಕೆ ಮಾತ್ರ ಆಕಾರ ಹಾಕಿದರು.

"ಆಕಾರ ಎಷ್ಟು ಬರದಾರ ಇದಕ್ಕ?" ಅಂದೆ.

"ಏನೂ ಇಲ್ಲ. ಸೊನ್ನಿ," ಅಂದರು ಮಾವ. ಅಷ್ಟರಲ್ಲಿ ಎಮ್ಮೆ ಹಗ್ಗ ಬಿಚ್ಚಿಕೊಂಡು ಹೊಳೆಯ ಕಡೆ ಇಳಿಯುತ್ತಿತ್ತು. ಉತಾರ ನನ್ನ ಕೈಗೆ ತುರುಕಿ ಅದರ ಹಿಂದೆ ಓಡಿದರು.